ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು ಇಂಧನ ಟ್ಯೂನಿಂಗ್: ಕಾಸರಗೋಡಿನ ಗಾಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹಳೆಯ ಕಾರ್ಬೊರೇಟರ್ ಬೈಕು ಇಟ್ಟುಕೊಂಡವರೂ ಇದ್ದಾರೆ, ಇಂಜೆಕ್ಷನ್ ಗಾಡಿಗೆ ಲ್ಯಾಪ್‌ಟಾಪ್ ಜೋಡಿಸಿ ಕೂರುವ ಹುಡುಗರೂ ಇದ್ದಾರೆ. ಇಬ್ಬರ ಪ್ರಶ್ನೆಗಳೂ ಇಲ್ಲಿವೆ. ವೈಡ್‌ಬ್ಯಾಂಡ್ ಎಂದರೆ ಹೊಗೆಯ ಪೈಪಿನಲ್ಲಿ ಕೂತು, ಇಂಜಿನ್ನಿಗೆ ಹೋಗುವ ಗಾಳಿ-ಪೆಟ್ರೋಲ್ ಮಿಶ್ರಣ ಹೇಗಿದೆ ಎಂದು ಮೀಟರಿಗೆ ತಿಳಿಸುವ ಸೆನ್ಸರ್. ಪೆಟ್ರೋಲ್ ಗಾಡಿ ಎಂದುಕೊಂಡೇ ಓದಿ. ಡೀಸೆಲಿನ ಮಾತು ಬೇರೆಯಾಗಿ ಬರುತ್ತದೆ.

ನನ್ನ ಬೈಕಿನಲ್ಲಿ ಆಕ್ಸಿಜನ್ ಸೆನ್ಸರ್ ಮೊದಲೇ ಇದೆ. ಮತ್ತೆ ವೈಡ್‌ಬ್ಯಾಂಡ್ ಯಾಕೆ?

2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲಿನ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು ನ್ಯಾರೋಬ್ಯಾಂಡ್ ಸೆನ್ಸರ್. ಅದಕ್ಕೆ ಗೊತ್ತಿರುವುದು ಒಂದೇ ಗಡಿ: ಪೆಟ್ರೋಲಿಗೆ ಬೇಕಾದಷ್ಟೇ ಗಾಳಿ ಇರುವ ಮಿಶ್ರಣ. ಪೆಟ್ರೋಲ್ ಹೆಚ್ಚಾದರೆ ರಿಚ್, ಗಾಳಿ ಹೆಚ್ಚಾದರೆ ಲೀನ್. ಮಿಶ್ರಣ ಆ ಗಡಿಯಿಂದ ರಿಚ್ ಕಡೆಗಿದ್ದರೆ ಸುಮಾರು 0.9 ವೋಲ್ಟ್, ಲೀನ್ ಕಡೆಗಿದ್ದರೆ ಸುಮಾರು 0.1 ವೋಲ್ಟ್. ಎಷ್ಟು ರಿಚ್, ಎಷ್ಟು ಲೀನ್ ಎಂದು ಕೇಳಿದರೆ ಅದರಲ್ಲಿ ಉತ್ತರವಿಲ್ಲ. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಲು ಅಷ್ಟು ಸಾಕು, ಟ್ಯೂನಿಂಗಿಗೆ ಸಾಲದು.

ವೈಡ್‌ಬ್ಯಾಂಡಿನಲ್ಲಿ ಅದೇ ಬಗೆಯ ಒಂದು ಸೆಲ್ ಇದೆ, ಜೊತೆಗೆ ಪಂಪ್ ಸೆಲ್ ಎಂಬ ಇನ್ನೊಂದು. ಎರಡರ ನಡುವೆ ಒಂದು ಸಣ್ಣ ಕೋಣೆ. ಹೊಗೆ ಆ ಕೋಣೆಗೆ ಇಳಿಯುತ್ತದೆ. ಅದರಲ್ಲಿ ಆಕ್ಸಿಜನ್ ಹೆಚ್ಚಿದ್ದರೆ ಪಂಪ್ ಸೆಲ್ ಹೊರಕ್ಕೆ ತಳ್ಳುತ್ತದೆ, ಕಡಿಮೆ ಇದ್ದರೆ ಒಳಕ್ಕೆ ಎಳೆಯುತ್ತದೆ. ಮೊದಲ ಸೆಲ್‌ನ ವೋಲ್ಟೇಜನ್ನು 450 ಮಿಲಿವೋಲ್ಟ್‌ನಲ್ಲಿ ಹಿಡಿದಿಡಲು ಎಷ್ಟು ಕರೆಂಟ್ ಬೇಕಾಯಿತು ಎಂಬುದನ್ನು ಕಂಟ್ರೋಲರ್ ಅಳೆಯುತ್ತದೆ. ನಿಮಗೆ ಕಾಣುವ ಅಂಕಿ ಆ ಕರೆಂಟಿನಿಂದ ಬಂದದ್ದು. ಈಗ ಹೆಚ್ಚಾಗಿ ಸಿಗುವ ಬಾಷ್ ಎಲ್‌ಎಸ್‌ಯು 4.9 ಸೆನ್ಸರಿನ ತುದಿ ಸುಮಾರು 780 ಡಿಗ್ರಿ ಸೆಲ್ಸಿಯಸ್‌ಗೆ ಕಾಯ್ದಿರಬೇಕು, ಅದಕ್ಕಾಗಿ ಒಳಗೇ ಹೀಟರ್ ಇದೆ.

ಈ ಸೆನ್ಸರ್ ಪೆಟ್ರೋಲನ್ನು ನೋಡುವುದೇ ಇಲ್ಲ, ಹೊಗೆಯಲ್ಲಿರುವ ಆಕ್ಸಿಜನ್ನಿನ ಲೆಕ್ಕದಿಂದ ಮಿಶ್ರಣವನ್ನು ಊಹಿಸುತ್ತದೆ. ಕೆಳಗೆ ಬರುವ ಅರ್ಧಕ್ಕರ್ಧ ಉತ್ತರಗಳು ಇದೇ ಮಾತಿನಿಂದ ಹುಟ್ಟುತ್ತವೆ.

ಮೀಟರಿನಲ್ಲಿ 14.7 ಬಂದರೆ ಸರಿ ಅಲ್ಲವೇ? ಎಥೆನಾಲ್ ಪೆಟ್ರೋಲ್ ಬಂದ ಮೇಲೆ ಆ ಲೆಕ್ಕ ಬದಲಾಯಿತು ಎನ್ನುತ್ತಾರಲ್ಲ?

ಲೆಕ್ಕ ಬದಲಾದದ್ದು ನಿಜ. ಆದರೆ ಜನ ಅಂದುಕೊಂಡ ಹಾಗೆ ಅಲ್ಲ.

ಎಥೆನಾಲ್ ಇಲ್ಲದ ಪೆಟ್ರೋಲ್ ಒಂದು ಕಿಲೋ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿಗೆ 9 ಕಿಲೋ ಸಾಕು, ಯಾಕೆಂದರೆ ಅದರೊಳಗೇ ಆಕ್ಸಿಜನ್ ಇದೆ. ಶೇ. 10 ಎಥೆನಾಲ್ ಬೆರೆತ ಪೆಟ್ರೋಲಿಗೆ ಈ ಅನುಪಾತ ಸುಮಾರು 14.1, ಶೇ. 20 ಬೆರೆತ ಇ20ಗೆ ಸುಮಾರು 13.5. ಬಂಕಿನಲ್ಲಿ ಈಗ ಸಿಗುವುದು ಇ20.

ಸೆನ್ಸರಿಗೆ ಇದಾವುದೂ ಗೊತ್ತಿಲ್ಲ. ಅದು ಅಳೆಯುವುದು ಲ್ಯಾಂಬ್ಡಾ, ಅಂದರೆ ಬೇಕಾದ ಗಾಳಿಗೆ ಹೋಲಿಸಿದರೆ ಎಷ್ಟು ಗಾಳಿ ಸಿಕ್ಕಿದೆ ಎಂಬುದು. ಸರಿಯಾಗಿ ಸಿಕ್ಕಿದ್ದರೆ 1.00, ಶೇ. 10ರಷ್ಟು ಕಡಿಮೆ ಸಿಕ್ಕಿದ್ದರೆ 0.90, ಅದು ರಿಚ್. ಮೀಟರು ಆ ಲ್ಯಾಂಬ್ಡಾವನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಅಷ್ಟೆ. ಹಾಗಾಗಿ ಇ20 ಹಾಕಿದರೂ ಸರಿಯಾದ ಮಿಶ್ರಣಕ್ಕೆ ಮೀಟರು 14.7 ಎಂದೇ ಹೇಳುತ್ತದೆ, ನಿಜವಾದ ಅನುಪಾತ 13.5 ಆಗಿದ್ದರೂ. ‘ಇ20 ಅಲ್ಲವೇ, ಮೀಟರಿನಲ್ಲಿ 13.5 ಬರಬೇಕು’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಾಗೆ ಮಾಡಿದರೆ ಶೇ. 8ರಷ್ಟು ರಿಚ್ ಆಗಿ ಪೆಟ್ರೋಲ್ ದಂಡ.

ಮೀಟರಿನ ಸೆಟ್ಟಿಂಗಿನಲ್ಲಿ ಲ್ಯಾಂಬ್ಡಾ ಆರಿಸಿ, ಮುಂದೆ ಅದರಲ್ಲೇ ಮಾತಾಡಿ. ಬಂಕಿನಲ್ಲಿ ಏನೇ ಬರಲಿ, ಲ್ಯಾಂಬ್ಡಾದ ಅರ್ಥ ಬದಲಾಗುವುದಿಲ್ಲ.

ಕಾರ್ಬೊರೇಟರ್ ಗಾಡಿಯವರು ಗಮನಿಸಬೇಕಾದದ್ದು ಬೇರೆಯೇ ಇದೆ. ಹಳೆಯ ಪೆಟ್ರೋಲಿಗೆ ಲ್ಯಾಂಬ್ಡಾ 1.00 ಇದ್ದ ಜೆಟ್ಟಿಂಗ್ (ಪೆಟ್ರೋಲ್ ಬಿಡುವ ಸಣ್ಣ ತೂತಿನ ಜೆಟ್ಟುಗಳ ಹೊಂದಿಕೆ), ಏನೂ ಮುಟ್ಟದೆ ಇ20 ತುಂಬಿಸಿದರೆ 1.07ರ ಹತ್ತಿರ ಹೋಗುತ್ತದೆ. ‘ಗಾಡಿ ಮೊದಲಿನ ಹಾಗೆ ಎಳೆಯುವುದಿಲ್ಲ, ಬೆಳಿಗ್ಗೆ ಚೋಕ್ ಜಾಸ್ತಿ ಹೊತ್ತು ಬೇಕು, ಇಂಜಿನ್ ಬಿಸಿ’ ಎಂಬ ದೂರುಗಳಿಗೆ ಇದು ಒಂದು ಕಾರಣ. ಜೆಟ್ಟಿಂಗ್ ಸರಿಮಾಡಿದರೆ ಮಿಶ್ರಣ ಸರಿಯಾಗುತ್ತದೆ. ಹಳೆಯ ರಬ್ಬರ್ ಪೈಪು, ಓ-ರಿಂಗ್, ಡಯಾಫ್ರಮ್ ಎಥೆನಾಲಿಗೆ ಉಬ್ಬುವುದು ಬೇರೆ ಸಮಸ್ಯೆ, ಅದಕ್ಕೆ ಟ್ಯೂನಿಂಗಿನಲ್ಲಿ ಮದ್ದಿಲ್ಲ, ಬದಲಿಸಲೇಬೇಕು.

ಹಾಗಾದರೆ ಲ್ಯಾಂಬ್ಡಾ ಎಷ್ಟಿರಬೇಕು?

ಒಂದೇ ಅಂಕಿ ಇಲ್ಲ. ಐಡ್ಲಿಂಗಿನಲ್ಲಿ 0.95ರಿಂದ 1.00. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ 1.00 ಆಸುಪಾಸು, ಇಂಜಿನ್ ಒಪ್ಪಿದರೆ 1.05ರವರೆಗೂ ಬಿಡಬಹುದು, ಮೈಲೇಜ್ ಸಿಗುತ್ತದೆ. ಫುಲ್ ಥ್ರಾಟಲ್‌ನಲ್ಲಿ 0.86ರಿಂದ 0.90, ಗಾಳಿಯಿಂದ ತಣಿಯುವ ಬೈಕಿಗೆ ಇದರಲ್ಲಿ ರಿಚ್ ಕಡೆಯೇ ಇರಲಿ, ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಸಿಲಿಂಡರಿನ ಬಿಸಿ ಇಳಿಯುತ್ತದೆ. ಟರ್ಬೊ ಪೆಟ್ರೋಲ್ ಕಾರಿಗೆ ಪೂರ್ತಿ ಬೂಸ್ಟಿನಲ್ಲಿ 0.80ರ ಹತ್ತಿರ. ಥ್ರಾಟಲ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ ಇಂಜೆಕ್ಷನ್ ಗಾಡಿಯ ಮೀಟರು ಲೀನ್ ತುದಿಗೆ ಹೋಗಿ ನಿಲ್ಲುತ್ತದೆ. ಆಗ ಇಂಜೆಕ್ಟರ್ ಪೂರ್ತಿ ಬಂದ್ ಆಗಿರುತ್ತದೆ, ಹೆದರಬೇಡಿ.

ಸೆನ್ಸರನ್ನು ಎಲ್ಲಿ ಕೂರಿಸಬೇಕು?

ಸೈಲೆನ್ಸರಿನ ಬೆಂಡ್ ಪೈಪಿನಲ್ಲಿ, ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲು. ಎಂ18, 1.5 ಪಿಚ್‌ನ ಬಂಗ್, ಅಂದರೆ ಸೆನ್ಸರ್ ತಿರುಗಿಸಿ ಕೂರಿಸಲು ಪೈಪಿಗೆ ಬೆಸೆಯುವ ಥ್ರೆಡ್ಡಿನ ಬಳೆ ಬೇಕು; ಲೇತಿನಲ್ಲಿ ಮಾಡಿಸಬಹುದು. ಸೆನ್ಸರಿನ ತಲೆ ಮೇಲೆ, ತುದಿ ಕೆಳಗೆ ಬರುವಂತೆ ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಓರೆ ಇರಲಿ. ಪೈಪಿನ ಅಡಿಯಲ್ಲಿ ಎಂದಿಗೂ ಬೇಡ. ತಣ್ಣಗಿನ ಪೈಪಿನಲ್ಲಿ ನೀರಹನಿ ನಿಲ್ಲುತ್ತದೆ, ಕಾದ ಸೆರಾಮಿಕ್ ಮೇಲೆ ಒಂದು ಹನಿ ಬಿದ್ದರೆ ಸಾಕು, ಬಿರುಕು ಬಿಟ್ಟಂತೆಯೇ. ವೆಲ್ಡಿಂಗ್ ಮಾಡುವಾಗ ಸೆನ್ಸರ್ ಪೈಪಿನಲ್ಲಿರಬಾರದು, ಬ್ಯಾಟರಿ ಕಳಚಿರಬೇಕು.

ಸೈಲೆನ್ಸರಿನ ಹಿಂಬದಿ ತೂತಿಗೆ ಸಿಕ್ಕಿಸುವ ಕೊಳವೆಗಳೂ ಸಿಗುತ್ತವೆ. ಸಿಂಗಲ್ ಸಿಲಿಂಡರ್ ಬೈಕಿನಲ್ಲಿ ಅದರ ಐಡ್ಲಿಂಗ್ ರೀಡಿಂಗನ್ನು ನಾನು ನಂಬುವುದಿಲ್ಲ. ಪ್ರತಿ ಹೊಡೆತದ ನಡುವೆ ಹೊರಗಾಳಿ ಒಳಕ್ಕೆ ಬಂದು ಹೋಗುತ್ತಿರುತ್ತದೆ, ಮೀಟರು ಸುಳ್ಳೇ ಲೀನ್ ತೋರಿಸುತ್ತದೆ.

ಮೀಟರು ಲೀನ್ ತೋರಿಸುತ್ತಿದೆ. ದೊಡ್ಡ ಜೆಟ್ ಹಾಕಲೇ?

ಸ್ವಲ್ಪ ತಡೆಯಿರಿ ಮಾರಾಯ್ರೆ.

ಜೂನ್ ತಿಂಗಳ ಮಳೆಯಲ್ಲಿ ನಿಂತ ಬೈಕಿನ ಪ್ಲಗ್ ಕ್ಯಾಪ್ ಒಳಗೆ ಪಸೆ ಸೇರಿದೆ ಎಂದುಕೊಳ್ಳಿ. ಹತ್ತು ಸಲಕ್ಕೆ ಒಂದು ಸಲ ಕಿಡಿ ತಪ್ಪುತ್ತದೆ. ಕಿಡಿ ತಪ್ಪಿದ ಸಲ ಸಿಲಿಂಡರಿನಲ್ಲಿದ್ದ ಪೆಟ್ರೋಲೂ ಗಾಳಿಯೂ ಉರಿಯದೆ ಹಾಗೇ ಪೈಪಿಗೆ ಬರುತ್ತವೆ. ಸೆನ್ಸರಿಗೆ ದೊಡ್ಡದಾಗಿ ಕಾಣುವುದು ಆ ಉರಿಯದ ಆಕ್ಸಿಜನ್. ಮೀಟರು 1.15 ಎನ್ನುತ್ತದೆ. ನೀವು ಜೆಟ್ ಏರಿಸುತ್ತೀರಿ, ಪ್ಲಗ್ ಇನ್ನೂ ಕಪ್ಪಾಗುತ್ತದೆ, ಮಿಸ್ಸಿಂಗ್ ಜಾಸ್ತಿಯಾಗುತ್ತದೆ, ಮೀಟರು ಇನ್ನೂ ಲೀನ್ ಎನ್ನುತ್ತದೆ. ಹೊಗೆ ಕಪ್ಪು, ಮೂಗಿಗೆ ಪೆಟ್ರೋಲ್ ವಾಸನೆ, ಮೀಟರಿನಲ್ಲಿ ಮಾತ್ರ ಲೀನ್. ಈ ಮೂರೂ ಒಟ್ಟಿಗೆ ಕಂಡರೆ ಜೆಟ್ಟಿಗೆ ಕೈ ಹಾಕಬೇಡಿ. ಪ್ಲಗ್, ಕ್ಯಾಪ್, ಕಾಯಿಲ್ ನೋಡಿ.

ಎರಡನೆಯ ಸಾಮಾನ್ಯ ಕಾರಣ ಪೈಪಿನ ಸೋರಿಕೆ. ಹೆಡ್ ಮತ್ತು ಬೆಂಡ್ ಪೈಪು ಸೇರುವಲ್ಲಿ ಗ್ಯಾಸ್ಕೆಟ್ ಹೋಗಿದ್ದರೆ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಒತ್ತಡ ಇಳಿದಾಗ ಗಾಳಿ ಒಳಗೂ ಹೋಗುತ್ತದೆ. ಐಡ್ಲಿಂಗಿನಲ್ಲಿ ತುಂಬ ಲೀನ್, ರೇಸ್ ಕೊಟ್ಟರೆ ಸರಿಯಾಗುತ್ತದೆ ಎಂದಾದರೆ ಮೊದಲ ಅನುಮಾನ ಅಲ್ಲಿಯೇ ಇರಲಿ. ಇಂಜಿನ್ ತಣ್ಣಗಿರುವಾಗ ಸೈಲೆನ್ಸರಿನ ಬಾಯಿಯನ್ನು ದಪ್ಪ ಒದ್ದೆ ಬಟ್ಟೆಯಿಂದ ಒತ್ತಿ ಹಿಡಿದು ಕ್ಷಣಕಾಲ ಸ್ಟಾರ್ಟ್ ಮಾಡಿದರೆ ಜಾಯಿಂಟಿನಲ್ಲಿ ‘ಟಪ್ ಟಪ್’ ಸದ್ದು ಕೇಳುತ್ತದೆ.

ಮೂರನೆಯದು ನಿಜವಾದ ಲೀನ್: ಕಾರ್ಬೊರೇಟರಿಗೂ ಹೆಡ್ಡಿಗೂ ನಡುವಿನ ಇನ್ಲೆಟ್ ರಬ್ಬರ್ ಬಿರಿದಿರುವುದು, ಪೆಟ್ರೋಲ್ ಕಾಕಿನಲ್ಲಿ ಕಸ, ಫ್ಲೋಟ್ ಮಟ್ಟ (ಕಾರ್ಬೊರೇಟರಿನೊಳಗಿನ ಪೆಟ್ರೋಲ್ ಮಟ್ಟ) ಕೆಳಗಿರುವುದು. ಇಲ್ಲೂ ಜೆಟ್ ಕೊನೆಯ ಮಾತು.

ಕಾರ್ಬೊರೇಟರ್ ಬೈಕು. ಎಲ್ಲಿಂದ ಶುರು ಮಾಡಲಿ?

ಏರ್ ಫಿಲ್ಟರ್, ಟ್ಯಾಪೆಟ್ ಗ್ಯಾಪ್, ಪ್ಲಗ್, ಫ್ಲೋಟ್ ಮಟ್ಟ ಮೊದಲು. ಗುಡ್ಡದ ಕೆಂಪು ಮುರಕಲ್ಲಿನ ಧೂಳು ಬೇಸಿಗೆಯಲ್ಲಿ ಫಿಲ್ಟರಿಗೆ ಎಷ್ಟು ಸೇರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕೊಳಕು ಫಿಲ್ಟರ್ ಇಟ್ಟು ಟ್ಯೂನ್ ಮಾಡಿದರೆ, ಫಿಲ್ಟರ್ ಬದಲಿಸಿದ ದಿನವೇ ಟ್ಯೂನಿಂಗ್ ಕೆಡುತ್ತದೆ.

ಆಮೇಲೆ ಥ್ರಾಟಲ್ ಗ್ರಿಪ್ಪಿಗೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲಿಗೆ ಗೆರೆ ಹಾಕಿ. ಇದು ಮೀಟರಿನಷ್ಟೇ ಮುಖ್ಯ. ಕಾಲು ಥ್ರಾಟಲ್‌ವರೆಗೆ ಪೈಲಟ್ ಜೆಟ್ ಮತ್ತು ಸ್ಕ್ರೂ, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅದರ ಮೇಲೆ ಮೇನ್ ಜೆಟ್. ಒಂದರ ಗಡಿ ಇನ್ನೊಂದರೊಳಗೆ ಚಾಚಿರುತ್ತದೆ, ಆದರೂ ಯಾವ ಗೆರೆಯಲ್ಲಿ ಅಂಕಿ ತಪ್ಪಿತು ಎಂದು ಗೊತ್ತಾದರೆ ಯಾವುದಕ್ಕೆ ಕೈ ಹಾಕಬೇಕು ಎಂದೂ ಗೊತ್ತಾಗುತ್ತದೆ. ಸಿವಿ ಕಾರ್ಬೊರೇಟರಿನಲ್ಲಿ ಸ್ಲೈಡ್ ನಿರ್ವಾತದಿಂದ ಏಳುವುದರಿಂದ ಗೆರೆಗಳು ಅಂದಾಜಿನವು ಮಾತ್ರ.

ಮೇನ್ ಜೆಟ್ಟಿನಿಂದ ಶುರು ಮಾಡಿ, ನೀಡಲ್, ಕೊನೆಗೆ ಪೈಲಟ್. ಪ್ರತಿ ಸಲ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಯಾವ ಮೀಟರೂ ಹೇಳಲಾರದು.

ಒಂದು ಉದಾಹರಣೆ. ಫ್ರೀ ಫ್ಲೋ ಸೈಲೆನ್ಸರ್ ಹಾಕಿ, ಯಾರೋ ಹೇಳಿದರೆಂದು ದೊಡ್ಡ ಮೇನ್ ಜೆಟ್ಟೂ ಹಾಕಿದ ಬೈಕು. ಟಾಪ್ ಗೇರಿನಲ್ಲಿ 50 ಕಿ.ಮೀ. ವೇಗದಲ್ಲಿ ಜಗ್ಗಿ ಜಗ್ಗಿ ಹೋಗುತ್ತದೆ, ಮೀಟರಿನಲ್ಲಿ 1.12. ಫುಲ್ ಥ್ರಾಟಲ್‌ನಲ್ಲಿ ದನಿ ಕಟ್ಟಿದ ಹಾಗೆ ಸದ್ದು, ಮೀಟರಿನಲ್ಲಿ 0.80. ಸವಾರನಿಗೆ ಎರಡೂ ‘ಪಿಕಪ್ ಇಲ್ಲ’ ಎಂದೇ ಅನ್ನಿಸುತ್ತದೆ, ಆದರೆ ಒಂದು ಲೀನ್, ಇನ್ನೊಂದು ರಿಚ್. 105ರ ಮೇನ್ ಜೆಟ್ ತೆಗೆದು 100 ಹಾಕಿದರೆ ಮೇಲಿನದು 0.87ರ ಹತ್ತಿರ ಬರುತ್ತದೆ. ನೀಡಲಿನ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ನೀಡಲ್ ಮೇಲೇಳುತ್ತದೆ, ನಡುವಿನ 1.12 ಇಳಿದು 1.03 ಆಗುತ್ತದೆ. ಮೀಟರಿಲ್ಲದೆ ಈ ಗಾಡಿಗೆ ಎಲ್ಲರೂ ಮಾಡುವುದು ಇನ್ನೂ ದೊಡ್ಡ ಮೇನ್ ಜೆಟ್ ಹಾಕುವುದನ್ನೇ.

ಸ್ಕ್ರೂ ಬಗ್ಗೆ: ಫಿಲ್ಟರ್ ಕಡೆಗಿದ್ದರೆ ಅದು ಏರ್ ಸ್ಕ್ರೂ, ಒಳಗೆ ತಿರುಗಿಸಿದರೆ ರಿಚ್. ಇಂಜಿನ್ ಕಡೆಗಿದ್ದರೆ ಫ್ಯುಯೆಲ್ ಸ್ಕ್ರೂ, ಹೊರಗೆ ತಿರುಗಿಸಿದರೆ ರಿಚ್.

ಊರಲ್ಲಿ ಚೆನ್ನಾಗಿ ಓಡುವ ಬೈಕು ಮಡಿಕೇರಿ ಹತ್ತುವಾಗ ಸೊರಗುತ್ತದೆ. ಟ್ಯೂನಿಂಗ್ ತಪ್ಪೇ?

ತಪ್ಪಲ್ಲ. ಚೆರ್ಕಳದಿಂದ ಜಾಲ್ಸೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿ ಮುಟ್ಟುವಾಗ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಮೇಲೆ ಬಂದಿರುತ್ತೀರಿ. ಅಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 10 ಕಡಿಮೆ. ಶಕ್ತಿ ಅಷ್ಟು ಇಳಿಯುವುದು ಖಚಿತ, ಅದನ್ನು ಯಾವ ಜೆಟ್ಟೂ ವಾಪಸ್ ಕೊಡುವುದಿಲ್ಲ. ಅದರ ಮೇಲೆ ಕಾರ್ಬೊರೇಟರ್ ಮಿಶ್ರಣವನ್ನು ಶೇ. 5ರಷ್ಟು ರಿಚ್ ಮಾಡುತ್ತದೆ: ಕೆಳಗೆ 0.88 ಇದ್ದದ್ದು ಮೇಲೆ 0.84ರ ಹತ್ತಿರ. ಒಂದೆರಡು ದಿನದ ಪ್ರಯಾಣಕ್ಕೆ ಹಾಗೇ ಬಿಡಿ. ಮೇಲೆ ಹೋಗಿ ಜೆಟ್ ಇಳಿಸಿ, ಅದನ್ನೇ ಇಟ್ಟುಕೊಂಡು ಕರಾವಳಿಗೆ ಇಳಿಯುವುದು ಅಪಾಯ; ಬಿಸಿಲಿನ ಹೆದ್ದಾರಿಯಲ್ಲಿ ಲೀನ್ ಇಂಜಿನ್ ಪಿಸ್ಟನ್ ಸುಟ್ಟುಕೊಳ್ಳುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಒತ್ತಡದ ಸೆನ್ಸರ್ ಈ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ.

ಮಳೆಗಾಲದಲ್ಲಿ ಅಂಕಿಗಳು ಬೇರೆ ಬರುತ್ತವೆಯೇ?

ಸ್ವಲ್ಪ. 30 ಡಿಗ್ರಿಯಲ್ಲಿ ಗಾಳಿ ನೀರಾವಿಯಿಂದ ತುಂಬಿದ್ದಾಗ, ಅದರಲ್ಲಿ ಸುಮಾರು ಶೇ. 4 ಜಾಗ ಆವಿಯದೇ. ಅಷ್ಟು ಆಕ್ಸಿಜನ್ ಕಡಿಮೆ. ಹಾಗಾಗಿ ಜನವರಿಯ ಒಣ ಬೆಳಿಗ್ಗೆ ಮಾಡಿದ ಜೆಟ್ಟಿಂಗ್ ಜುಲೈಯಲ್ಲಿ ತುಸು ರಿಚ್ ಎನ್ನಿಸಬಹುದು. ಅದಕ್ಕಾಗಿ ಜೆಟ್ ಬದಲಿಸುವ ಅಗತ್ಯವಿಲ್ಲ, ಟ್ಯೂನಿಂಗಿನ ಪುಸ್ತಕದಲ್ಲಿ ಹವಾಮಾನ ಬರೆದಿಡಿ ಸಾಕು. ಹಳೆಯ ಎಲ್‌ಎಸ್‌ಯು 4.2 ಸೆನ್ಸರಿನವರು ಹೊರಗಾಳಿಯಲ್ಲಿ ಕ್ಯಾಲಿಬ್ರೇಶನ್ ಮಾಡುವಾಗ ಅಂಗಳಕ್ಕೆ ಬಂದು ಮಾಡಬೇಕು; ಶೆಡ್ಡಿನೊಳಗೆ ಬೇರೆ ಗಾಡಿ ಸ್ಟಾರ್ಟ್ ಇದ್ದರೆ ಆರಂಭವೇ ತಪ್ಪಾಗುತ್ತದೆ.

ಕುಂಬಳೆ, ಉಪ್ಪಳ, ಬೇಕಲದಂಥ ಕಡಲ ಬದಿಯವರು ಕನೆಕ್ಟರ್ ನೋಡುತ್ತಿರಬೇಕು, ಉಪ್ಪುಗಾಳಿಗೆ ಪಿನ್ನುಗಳು ಹಸಿರು ಹಿಡಿಯುತ್ತವೆ. ಆದರೆ ಕನೆಕ್ಟರಿನೊಳಗೆ ಗ್ರೀಸ್, ಸಿಲಿಕೋನ್ ಸ್ಪ್ರೇ ಹೊಡೆಯಬೇಡಿ; ಸೆನ್ಸರಿನ ಒಳಭಾಗಕ್ಕೆ ವಯರಿನ ದಾರಿಯೇ ಉಸಿರಾಟದ ದಾರಿ.

ಇಂಜೆಕ್ಷನ್ ಗಾಡಿಯಲ್ಲಿ ಟೇಬಲ್ ತಿದ್ದುವುದು ಹೇಗೆ?

ಕಂಪನಿಯ ಇಸಿಯು (ಇಂಜೆಕ್ಷನ್ ನಡೆಸುವ ಕಂಪ್ಯೂಟರ್) ಬೀಗ ಹಾಕಿಯೇ ಬರುತ್ತದೆ. ಅದರ ಮೇಲೆ ಪಿಗ್ಗಿಬ್ಯಾಕ್, ಅಂದರೆ ಅದರ ಸಿಗ್ನಲ್ ತಿದ್ದುವ ಪೆಟ್ಟಿಗೆ, ಜೋಡಿಸಿದರೆ ಸಮವೇಗದಲ್ಲಿ ನ್ಯಾರೋಬ್ಯಾಂಡ್ ಮತ್ತೆ ಮತ್ತೆ 1.00ಕ್ಕೇ ಎಳೆದು ತರುತ್ತದೆ. ಸ್ಪೀಡುಯಿನೋ, ಮೆಗಾಸ್ಕ್ವರ್ಟ್‌ನಂಥ ಬೇರೆ ಇಸಿಯು ಹಾಕಿದವರಿಗೆ ವಿಇ ಟೇಬಲ್ (ಯಾವ ಆರ್‌ಪಿಎಂ, ಯಾವ ಲೋಡಿನಲ್ಲಿ ಸಿಲಿಂಡರಿಗೆ ಎಷ್ಟು ಗಾಳಿ ತುಂಬುತ್ತದೆ ಎಂಬ ಪಟ್ಟಿ; ಪೆಟ್ರೋಲಿನ ಲೆಕ್ಕ ಅದರಿಂದಲೇ) ಪೂರ್ತಿ ಕೈಗೆ ಸಿಗುತ್ತದೆ.

ಸೂತ್ರ ಸರಳ: ಹಳೆಯ ವಿಇಯನ್ನು ಅಳೆದ ಲ್ಯಾಂಬ್ಡಾದಿಂದ ಗುಣಿಸಿ, ಬೇಕಾದ ಲ್ಯಾಂಬ್ಡಾದಿಂದ ಭಾಗಿಸಿ. ಟೇಬಲ್ಲಿನ ಒಂದು ಮನೆಯಲ್ಲಿ 60 ಇದೆ, ಬಂದದ್ದು 0.95, ಬೇಕಾದದ್ದು 0.88 ಎಂದರೆ ಹೊಸದು 64.8. ಆದರೆ ಅಳತೆ ನಂಬುವಂತಿರಬೇಕು. ಇಂಜೆಕ್ಟರ್ ಪೆಟ್ರೋಲ್ ಬಿಟ್ಟ ಹೊಗೆ ಸೆನ್ಸರ್ ಮುಟ್ಟಿ ಅಂಕಿಯಾಗಲು ಹೊತ್ತು ಹಿಡಿಯುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಇನ್ನೂ ಹೆಚ್ಚು. ಒಂದೇ ಆರ್‌ಪಿಎಂ, ಒಂದೇ ಲೋಡಿನಲ್ಲಿ ಎರಡು ಮೂರು ಸೆಕೆಂಡ್ ನಿಂತ ಅಂಕಿಯನ್ನು ಮಾತ್ರ ತೆಗೆದುಕೊಳ್ಳಿ. ಥ್ರಾಟಲ್ ತಟ್ಟನೆ ತಿರುಗಿಸಿದಾಗ ಬರುವ ಲೀನ್ ಏಟಿಗೆ ವಿಇ ತಿದ್ದಬೇಡಿ, ಅದು ಆ ಕ್ಷಣಕ್ಕೆ ಹೆಚ್ಚು ಪೆಟ್ರೋಲ್ ಕೊಡುವ ಆಕ್ಸಿಲರೇಶನ್ ಎನ್ರಿಚ್‌ಮೆಂಟಿನ ಕೆಲಸ. ಐಡ್ಲಿಂಗಿನಲ್ಲಿ ಹೆಡ್‌ಲೈಟ್ ಹಾಕಿದೊಡನೆ ಮಿಶ್ರಣ ಬದಲಾಗುತ್ತದೆಯೇ? ಆಗ ನೋಡಬೇಕಾದದ್ದು ಇಂಜೆಕ್ಟರಿನ ಡೆಡ್ ಟೈಮ್, ಅಂದರೆ ಕರೆಂಟ್ ಬಂದ ಮೇಲೆ ಅದು ತೆರೆಯಲು ಹಿಡಿಯುವ ಹೊತ್ತು; ವೋಲ್ಟೇಜ್ ಇಳಿದರೆ ಅದು ಹೆಚ್ಚುತ್ತದೆ.

ಸಾಫ್ಟ್‌ವೇರಿನ ಆಟೊ ಟ್ಯೂನ್ ಒಳ್ಳೆಯ ಸಹಾಯಕ. ಆದರೆ ಸೋರುವ ಪೈಪು ಇಟ್ಟು ಆಟೊ ಟ್ಯೂನ್ ಒತ್ತಿದರೆ ಇಡೀ ಟೇಬಲ್ಲನ್ನೇ ರಿಚ್ ಮಾಡಿ ಕೊಡುತ್ತದೆ.

ಮೀಟರಿನಲ್ಲಿ ಒಂದು ಅಂಕಿ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಅಂಕಿ. ಯಾವುದು ಸರಿ?

ಅರ್ತ್ ನೋಡಿ. ಹಲವು ಕಂಟ್ರೋಲರುಗಳು 0ರಿಂದ 5 ವೋಲ್ಟ್‌ನಲ್ಲಿ ಅಂಕಿ ಕಳಿಸುತ್ತವೆ. 0 ವೋಲ್ಟ್‌ಗೆ 10, 5 ವೋಲ್ಟ್‌ಗೆ 20 ಎಂಬ ಗಾಳಿ-ಪೆಟ್ರೋಲ್ ಅನುಪಾತದ ಅಳತೆಯಿದ್ದರೆ, ಅರ್ತಿನಲ್ಲಿ ಬರೀ 0.1 ವೋಲ್ಟ್ ವ್ಯತ್ಯಾಸವಾದರೂ ಅನುಪಾತ 0.2 ತಪ್ಪುತ್ತದೆ. ಸಿಗ್ನಲ್ ಅರ್ತನ್ನು ಇಸಿಯು ಅರ್ತಿನ ಜಾಗಕ್ಕೇ ಕೊಡಿ, ಹೀಟರಿನದನ್ನು ಬೇರೆ. ಹೀಟರ್ ಶುರುವಿನಲ್ಲಿ ಎರಡು ಮೂರು ಆಂಪಿಯರ್ ಎಳೆಯುತ್ತದೆ. ಸಣ್ಣ ಬ್ಯಾಟರಿಯ ಹಳೆಯ ಬೈಕಿಗೆ ಅದು ಹೊರೆ, ಟ್ಯೂನಿಂಗ್ ದಿನ ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ.

ಆರ್‌ಎಕ್ಸ್ 100ಕ್ಕೆ, ತೋಟದ ಕಳೆ ಕೊಚ್ಚುವ ಯಂತ್ರಕ್ಕೆ ಹಾಕಬಹುದೇ?

ಬೇಡ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಸ ಗಾಳಿಯ ಒಂದು ಪಾಲು ಉರಿಯದೆ ನೇರ ಪೈಪಿಗೆ ಜಾರುತ್ತದೆ, ಅಂಕಿಗೆ ಅರ್ಥವಿಲ್ಲ. ಆಯಿಲಿನ ಬೂದಿ ಸೆನ್ಸರನ್ನೂ ತಿನ್ನುತ್ತದೆ. ಅವಕ್ಕೆ ಪ್ಲಗ್ಗಿನ ಬಣ್ಣ ನೋಡುವ ಹಳೆಯ ವಿದ್ಯೆಯೇ ಸರಿ.

ಡೀಸೆಲ್ ಜೀಪಿಗೆ?

ಹಾಕಬಹುದು, ಗುರಿ ಬೇರೆ. ಡೀಸೆಲ್ ಯಾವಾಗಲೂ ಲೀನ್ ಆಗಿಯೇ ಓಡುತ್ತದೆ. ಏರಿನಲ್ಲಿ ಪೂರ್ತಿ ತುಳಿದಾಗ 1.2, 1.3ಕ್ಕಿಂತ ಕೆಳಗೆ ಇಳಿದರೆ ಕಪ್ಪುಹೊಗೆ ಶುರು. ಪಂಪಿನ ಸ್ಕ್ರೂ ತಿರುಗಿಸಿ ‘ಪವರ್’ ಕೇಳುವವರಿಗೆ ಎಲ್ಲಿ ನಿಲ್ಲಬೇಕೆಂದು ತೋರಿಸಲು ಇದು ಉಪಯೋಗ. ಮಸಿ ಕಟ್ಟುವುದರಿಂದ ಸೆನ್ಸರನ್ನು ಕಾಯಂ ಬಿಡಬೇಡಿ.

ರಸ್ತೆಯಲ್ಲಿ ಎಲ್ಲಿ ಟ್ಯೂನ್ ಮಾಡಬೇಕು?

ಗಾಡಿಯನ್ನು ನಿಂತಲ್ಲೇ ಲೋಡ್ ಕೊಟ್ಟು ಓಡಿಸುವ ಡೈನೊ ಸಿಕ್ಕಿದರೆ ಅದೇ ಉತ್ತಮ. ಸಿಗದಿದ್ದರೆ ನಮ್ಮ ಗುಡ್ಡಗಳೇ ಡೈನೊ. ಪೊಸಡಿಗುಂಪೆಯಂಥ ಏರಿನಲ್ಲಿ ಮೇಲಿನ ಗೇರಿನಲ್ಲಿ ನಿಧಾನವಾಗಿ ಹತ್ತಿದರೆ, ಕಡಿಮೆ ವೇಗದಲ್ಲೇ ಇಂಜಿನ್ನಿಗೆ ಪೂರ್ತಿ ಲೋಡ್ ಬೀಳುತ್ತದೆ. ಅದಕ್ಕಾಗಿ ಹೆದ್ದಾರಿ 66ರಲ್ಲಿ ಫುಲ್ ಥ್ರಾಟಲ್ ಓಡಿಸುವುದು ಬೇಡವೇ ಬೇಡ. ಸವಾರ ರಸ್ತೆ ನೋಡಲಿ, ಮೀಟರು ಲಾಗ್ ಆಗಲಿ. ಮನೆಗೆ ಬಂದು ಅಂಕಿ ಓದಿ. ಓಡಿಸುತ್ತಲೇ ಮೀಟರು ನೋಡುವವರ ಹಿಂದೆ ನಾನಂತೂ ಕೂರುವುದಿಲ್ಲ. ಏರಿನಲ್ಲಿ ಕಿಣಿಕಿಣಿ ಸದ್ದು ಬಂದರೆ ಅಂಕಿ ಎಷ್ಟೇ ಚೆನ್ನಾಗಿದ್ದರೂ ಥ್ರಾಟಲ್ ಬಿಡಿ, ಅದು ನಾಕಿಂಗ್, ಮಿಶ್ರಣ ತಪ್ಪಾಗಿ ಸ್ಫೋಟದಂತೆ ಉರಿಯುವ ಲಕ್ಷಣ.

ಕೆಎಲ್ 14 ನಂಬರಿನ ಗಾಡಿಗೆ ಇದೆಲ್ಲ ಮಾಡಿದರೆ ಕಾನೂನಿನ ತೊಂದರೆ ಇದೆಯೇ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸೈಲೆನ್ಸರ್ ಬದಲಿಸಿದವರ ಮೇಲೆ ಕೇರಳದಲ್ಲಿ ಕಣ್ಣು ಚುರುಕಾಗಿಯೇ ಇದೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವ ಕೆಲಸಕ್ಕೆ ನಾನು ಯಾವ ಸಲಹೆಯನ್ನೂ ಕೊಡುವುದಿಲ್ಲ. ಆ ಹೊಗೆ ಕುಡಿಯುವವರು ನಮ್ಮ ಮಕ್ಕಳೇ. ಹದಗೆಟ್ಟ ಮಿಶ್ರಣವನ್ನು ಸರಿದಾರಿಗೆ ತರಲು ಮೀಟರು ಬಳಸಿ, ಹೊಗೆ ತಪಾಸಣೆಯಲ್ಲೂ ಅದರ ಫಲ ಕಾಣುತ್ತದೆ.

ಕೆಲಸ ಮುಗಿದ ಮೇಲೆ ಸೆನ್ಸರ್ ಪೈಪಿನಲ್ಲೇ ಇರಲಿಯೇ?

ಕಂಟ್ರೋಲರಿಗೆ ಕರೆಂಟ್ ಕೊಟ್ಟೇ ಇಡುವುದಾದರೆ ಇರಲಿ. ಹೀಟರ್ ಬಂದ್ ಮಾಡಿ ಇಂಜಿನ್ ಓಡಿಸುವುದಾದರೆ ತೆಗೆಯಲೇಬೇಕು, ತಣ್ಣಗಿನ ಸೆನ್ಸರಿಗೆ ಮಸಿ ಕಟ್ಟಿ ಬೇಗ ಸಾಯುತ್ತದೆ. ಗ್ಯಾಸ್ಕೆಟ್ ಕೂರಿಸಲು ಹಚ್ಚುವ ಸಾಮಾನ್ಯ ಸಿಲಿಕೋನ್ ಪೇಸ್ಟ್ ಸಹ ಇದಕ್ಕೆ ವಿಷ, ಪೊಟ್ಟಣದ ಮೇಲೆ ‘ಸೆನ್ಸರ್ ಸೇಫ್’ ಎಂದಿದೆಯೇ ನೋಡಿ. ಕೆಳಗೆ ಬಿದ್ದ ಸೆನ್ಸರನ್ನು ಹೊರಗಿನಿಂದ ನೋಡಿ ಒಳ್ಳೆಯದೆಂದು ಹೇಳಲಾಗದು, ಒಳಗಿನ ಸೆರಾಮಿಕ್ ಒಡೆದಿರಬಹುದು. ಮತ್ತೆ ಹಾಕುವಾಗ ಆಂಟಿ ಸೀಜ್ ಪೇಸ್ಟನ್ನು ಥ್ರೆಡ್ಡಿಗೆ ಮಾತ್ರ ತೆಳುವಾಗಿ ಹಚ್ಚಿ, ತುದಿಗೆ ತಾಗಬಾರದು. 50 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ಬಿಗಿಯಿರಿ. ತೆಗೆದಿಟ್ಟ ದಿನ ಬಂಗಿಗೆ ಅದೇ ಅಳತೆಯ ಬೋಲ್ಟು, ತಾಮ್ರದ ವಾಷರ್ ಸಹಿತ.